ರಜೆಯಲ್ಲಿ ಮಾಯವಾಗುವ ಹೊಟ್ಟೆನೋವು

ಹಾಸ್ಟೆಲ್ಲಿನಲ್ಲಿದ್ದರೆ ಹೊಟ್ಟೆನೋವು, ಊರಿಗೆ ಬಂದರೆ ಆರಾಮ. ಹದಿನಾರು ವರ್ಷದ ಹುಡುಗಿಯೊಬ್ಬಳ ಬಗ್ಗೆ ಹೀಗೆಂದರೆ ಕೇಳಿದವರು ಏನೆಂದಾರು? ಓದಲು ಮನಸ್ಸಿಲ್ಲ, ನೆಪ ಹೇಳುತ್ತಾಳೆ ಎಂದೇ ಅಂದಾರು. ರೋಣ ತಾಲ್ಲೂಕಿನ ಹಳ್ಳಿಯೊಂದರ ಆ ಹುಡುಗಿಯ ಬಗ್ಗೆಯೂ ಎಲ್ಲರೂ ಅದನ್ನೇ ಅಂದರು. ಹಾಸ್ಟೆಲ್ಲಿನ ವಾರ್ಡನ್ ಅಂದರು, ಸೋದರಮಾವ ಅಂದ, ಇಬ್ಬರು ವೈದ್ಯರು ಇನ್ನಷ್ಟು ಮೆತ್ತಗೆ ಅಂದರು. ಕೊನೆಗೆ ಅವಳ ಅಪ್ಪನೂ ಅಂದ. ಅದೊಂದೇ ಅವಳಿಗೆ ತಡೆದುಕೊಳ್ಳಲಾಗದ ಮಾತಾಯಿತು.

2013ರ ಜೂನ್‌ನಲ್ಲಿ ಅವಳು ಧಾರವಾಡಕ್ಕೆ ಬಂದಳು. ಎಸ್ಸೆಸ್ಸೆಲ್ಸಿಯಲ್ಲಿ ಊರಿನ ಶಾಲೆಗೇ ಮೊದಲಿಗಳು. ಮನೆಗೆ ಆರು ಎಕರೆ ಎರೆಹೊಲ. ಜೋಳ, ಕಡಲೆ, ಹಬ್ಬದ ಹುಗ್ಗಿಗೆ ಆಗುವಷ್ಟು ನಾಲ್ಕು ಸಾಲು ಗೋಧಿ. ಅಪ್ಪ ಕಡಲೆ ಮಾರಿದ ದುಡ್ಡಿನಲ್ಲಿ ಪಿ.ಯು.ಸಿ. ಸೈನ್ಸ್‌ಗೆ ಫೀ ಕಟ್ಟಿ, ಹೊಸದೊಂದು ಟ್ರಂಕು ಕೊಡಿಸಿ, ಹಾಸ್ಟೆಲ್ಲಿನ ಬಾಗಿಲವರೆಗೆ ಅದನ್ನು ತಾನೇ ಹೊತ್ತು ತಂದಿದ್ದ.

ಎರಡನೇ ತಿಂಗಳಲ್ಲಿ ಶುರುವಾಯಿತು. ಊಟವಾದ ಮೇಲೆ ಹೊಟ್ಟೆ ಉಬ್ಬಿ ಬಿಗಿಯಾಗುತ್ತಿತ್ತು. ಒಳಗೆ ಯಾರೋ ಬಟ್ಟೆ ಹಿಂಡಿದಂತೆ ನೋವು. ಬೆಳಿಗ್ಗೆ ಮೂರು ನಾಲ್ಕು ಸಲ ಭೇದಿ. ನಲವತ್ತು ಹುಡುಗಿಯರಿಗೆ ಐದು ಪಾಯಖಾನೆಗಳಿದ್ದ ಹಾಸ್ಟೆಲ್ಲಿನಲ್ಲಿ ಅದು ಎಂಥ ಸಂಕಟವೆಂಬುದನ್ನು ಅನುಭವಿಸಿದವರೇ ಬಲ್ಲರು. ಎರಡನೇ ಸಲ ಸಾಲಿನಲ್ಲಿ ನಿಂತರೆ ಹಿಂದಿನವರು ನಗುತ್ತಿದ್ದರು. ಕ್ಲಾಸಿನಲ್ಲಿ ಪಾಠದ ನಡುವೆ ಎದ್ದು ಹೋಗಬೇಕಾದರೆ ಸರ್ ಹತ್ತಿರ ಏನೆಂದು ಹೇಳುವುದು? ಅದಕ್ಕೇ ಅವಳು ಬೆಳಿಗ್ಗೆ ತಿಂಡಿ ಬಿಡತೊಡಗಿದಳು. ತಿಂಡಿ ಬಿಟ್ಟಿದ್ದಕ್ಕೇ ಸುಸ್ತು ಎಂದು ಗೆಳತಿಯರು ಬೈದರು.

ಉಪಚಾರಗಳೇನೂ ಕಡಿಮೆಯಾಗಲಿಲ್ಲ. ವಾರ್ಡನ್ ಮೇಡಂ ಕೆಟ್ಟವರಲ್ಲ. ಹೊಟ್ಟೆ ಸರಿಯಿಲ್ಲ ಎಂದ ದಿನ ಅವಳಿಗೆಂದೇ ಬ್ರೆಡ್ಡು, ರವೆ ಗಂಜಿ ಮಾಡಿಸಿ ಕೊಟ್ಟರು. ಅವ್ವ ಊರಿನಿಂದ ಬಿಸ್ಕತ್ತಿನ ಪೊಟ್ಟಣ ಕಳಿಸಿದಳು. ಡಾಕ್ಟರು ಒಮ್ಮೆ ಜಂತುಹುಳದ ಮಾತ್ರೆ ಕೊಟ್ಟರು, ಇನ್ನೊಮ್ಮೆ ಅಮೀಬಾ ಎಂದರು, ಮತ್ತೊಮ್ಮೆ ಅಸಿಡಿಟಿ ಎಂದರು. ಟೈಫಾಯ್ಡ್ ಪರೀಕ್ಷೆಯಾಯಿತು, ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಎಲ್ಲವೂ ನಾರ್ಮಲ್. ಹಿಮೋಗ್ಲೋಬಿನ್ ಮಾತ್ರ 8. ಈ ವಯಸ್ಸಿನ ಹುಡುಗಿಯರಲ್ಲಿ ರಕ್ತ ಕಡಿಮೆ ಇರುವುದು ಸಾಮಾನ್ಯ ಎಂದು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳು ತಪ್ಪದೆ ನುಂಗಿದಳು. ಮತ್ತೆ ನೋಡಿದರೆ 8.2.

“ಮಾತ್ರಿ ತಗೋತೀಯೋ, ಒಗೀತೀಯೋ?” ಎಂದರು ಡಾಕ್ಟರು.

ರಿಪೋರ್ಟು ನಾರ್ಮಲ್ ಬಂದಾಗಲೆಲ್ಲ ಅಪ್ಪನಿಗೆ ಸಮಾಧಾನವಾಗುತ್ತಿತ್ತು. ಅವಳಿಗೆ ಆಗುತ್ತಿರಲಿಲ್ಲ. ಕಾಗದದಲ್ಲಿ ಇಲ್ಲದ ನೋವು ಹೊಟ್ಟೆಯಲ್ಲಿ ಇದೆ ಎಂದರೆ ಯಾರು ನಂಬುತ್ತಾರೆ?

ದಸರಾ ರಜೆಗೆ ಊರಿಗೆ ಬಂದಳು. ಎಂಟು ಹತ್ತು ದಿನದಲ್ಲಿ ಹೊಟ್ಟೆ ಹಗುರಾಯಿತು. ಅವ್ವನ ಕೈಯ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ, ಅನ್ನ. ರಜೆ ಮುಗಿಸಿ ಹೋದ ಎರಡು ವಾರಕ್ಕೆ ಹಳೆಯ ಕಥೆ ಮತ್ತೆ ಮೊದಲು. ಹೇಗೋ ಮೊದಲನೇ ವರ್ಷ ಪಾಸಾದಳು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮನೆಯಲ್ಲಿದ್ದು ಮುಖಕ್ಕೆ ಕಳೆ ಬಂತು. ಜೂನ್‌ನಲ್ಲಿ ಹಾಸ್ಟೆಲ್ಲಿಗೆ ಮರಳಿದಳು. ಜುಲೈ ಮುಗಿಯುವಷ್ಟರಲ್ಲಿ ಬಾಯಿತುಂಬ ಹುಣ್ಣು, ಲಂಗದ ದಾರ ಮೂರು ಬೆರಳು ಒಳಗೆ. ಎಲ್ಲರಿಗೂ ಸಿಕ್ಕ ಸಾಕ್ಷಿ ಇದೇ. ನಿಜವಾದ ರೋಗವಾಗಿದ್ದರೆ ರಜೆ ನೋಡಿಕೊಂಡು ಹೋಗುತ್ತದೆಯೇ, ಕಾಲೇಜು ನೋಡಿಕೊಂಡು ಬರುತ್ತದೆಯೇ?

2014ರ ನವೆಂಬರ್‌ನಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ನಡುವೆ ತಲೆ ಸುತ್ತಿ ಬಿದ್ದಳು. ಕರೆದೊಯ್ಯಲು ಬಂದ ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಗದಗಿನ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ಹೇಳಿದ: “ಓದಾಕ ಮನಸ್ಸಿಲ್ಲಂದ್ರ ಮನಸ್ಸಿಲ್ಲಂತ ಹೇಳು. ಹೊಟ್ಟಿ ಮ್ಯಾಲ ಹಾಕಬ್ಯಾಡ.”

ಅಂದಿನಿಂದ ಅವಳು ಹೊಟ್ಟೆಯ ವಿಷಯ ಎತ್ತುವುದನ್ನೇ ಬಿಟ್ಟಳು. ಅದಕ್ಕಿಂತ ಕೆಟ್ಟದ್ದೆಂದರೆ, ಅವಳಿಗೇ ಅನುಮಾನ ಬಂತು. ಇಷ್ಟು ಜನ ಓದಿದವರು, ಹಿರಿಯರು ಹೇಳುತ್ತಾರೆಂದರೆ ನನ್ನ ಮನಸ್ಸೇ ನನಗೆ ಮೋಸ ಮಾಡುತ್ತಿದೆಯೋ ಏನೋ. ಫಿಸಿಕ್ಸ್ ಎಂದರೆ ನನಗೆ ಭಯವಿದೆಯೇ? ಇರಬಹುದು. ಆದರೆ ಭಾನುವಾರವೂ ನೋಯುತ್ತದಲ್ಲ?

ಮನೆಯಲ್ಲಿ ಉಳಿದವಳು ಎಂದಿನಂತೆ ಚೇತರಿಸಿಕೊಂಡಳು. ಓಣಿಯ ಹೆಂಗಸರು ವರ ನೋಡುವ ಮಾತು ತೆಗೆದರು. ಆಗ ಬಾಯಿಬಿಟ್ಟವಳು ಅವ್ವ. ಅವಳು ಓದಿದವಳಲ್ಲ. ಆದರೆ ಮಗಳ ಬಟ್ಟೆ ಒಗೆಯುವವಳು, ತಲೆ ಬಾಚುವವಳು. ಬಾಚಣಿಕೆಯಲ್ಲಿ ಬರುವ ಕೂದಲನ್ನು ಅವಳು ನೋಡಿದ್ದಳು. “ಸುಳ್ಳು ಹೇಳೋರ ಕೂದಲಾ ಉದರತಾವೇನ್ರಿ?” ಎಂದು ಗಂಡನನ್ನು ಕೇಳಿದಳು. ಅವನು ಉತ್ತರ ಕೊಡಲಿಲ್ಲ. 2015ರ ಜನವರಿಯಲ್ಲಿ ತಾಯಿ ಮಗಳು ಇಬ್ಬರೇ ಬಸ್ಸು ಹತ್ತಿ ಹುಬ್ಬಳ್ಳಿಗೆ, ಜೀರ್ಣಾಂಗದ ತಜ್ಞರೊಬ್ಬರಲ್ಲಿಗೆ ಹೋದರು.

ಆ ವೈದ್ಯರು ಹಳೆಯ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಓದಿದರು. ಹೊಸ ಪರೀಕ್ಷೆ ಬರೆಯುವ ಮೊದಲು ಪ್ರಶ್ನೆ ಕೇಳಿದರು. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ? ತೂಕ ಎಷ್ಟು ಇಳಿದಿದೆ? ಮಾತ್ರೆ ನುಂಗಿದ್ದು ನಿಜವೇ? ನಿಜ ಎಂದಳು. “ಸರಿ” ಎಂದರು, ನಂಬಿದರು. ನಂತರ ಅವರು ಹಿಡಿದದ್ದು ಎಲ್ಲರೂ ನೆಪ ಎಂದು ತಳ್ಳಿಹಾಕಿದ ಎಳೆಯನ್ನೇ. ಊರಲ್ಲಿ ಯಾಕೆ ಆರಾಮ? ಊರಲ್ಲಿ ಏನಿದೆ, ಹಾಸ್ಟೆಲ್ಲಿನಲ್ಲಿ ಏನಿದೆ?

ಎರಡೂ ಕಡೆಯ ಊಟವನ್ನು ಅವಳಿಂದಲೇ ಬರೆಸಿದರು. ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಉಪ್ಪಿಟ್ಟು ಇಲ್ಲವೇ ಪೂರಿ, ಮಧ್ಯಾಹ್ನ ರಾತ್ರಿ ಚಪಾತಿ, ಸಂಜೆ ಬಿಸ್ಕತ್ತು. ಮನೆಯಲ್ಲಿ ಮೂರು ಹೊತ್ತೂ ಜೋಳ ಮತ್ತು ಅಕ್ಕಿ. ಹಬ್ಬದ ಊಟ ಏನು ಎಂದು ಕೇಳಿದಾಗ ಅವ್ವ ನಕ್ಕಳು. “ಹಬ್ಬಕ್ಕ ಗೋದಿ ಹುಗ್ಗಿ ಮಾಡ್ತೀವ್ರಿ. ಇಕಿ ಸಣ್ಣಾಕಿದ್ದಾಗಿಂದ ಮುಟ್ಟಂಗಿಲ್ಲ. ಹುಗ್ಗಿ ಒಲ್ಲದ ಹುಡುಗಿ ಅಂತ ನಮ್ಮತ್ತಿ ಕಾಡಸ್ತಿದ್ರು.”

ವೈದ್ಯರು ಆಗ ಆ ತಾಯಿಗೆ ದೂರದೇಶದ ಒಂದು ಕಥೆ ಹೇಳಿದರು. ಹಾಲೆಂಡಿನ ಹೇಗ್ ನಗರದಲ್ಲಿ ವಿಲೆಮ್ ಡಿಕ್ಕೆ ಎಂಬ ಮಕ್ಕಳ ವೈದ್ಯರಿದ್ದರು. ಅವರ ಆಸ್ಪತ್ರೆಗೆ ಹೊಟ್ಟೆಯುಬ್ಬಿ, ಕೈಕಾಲು ಕಡ್ಡಿಯಾಗಿ, ಭೇದಿಯಿಂದ ಸೊರಗಿದ ಮಕ್ಕಳು ಬರುತ್ತಿದ್ದರು. ಈ ರೋಗಕ್ಕೆ ಸೀಲಿಯಾಕ್ ಎಂಬ ಹೆಸರು ಆಗಲೇ ಇತ್ತು. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು 1888ರಲ್ಲೇ ಇದನ್ನು ವರ್ಣಿಸಿ, ವಾಸಿಯಾಗುವುದಿದ್ದರೆ ಆಹಾರದಿಂದಲೇ ಆಗಬೇಕು ಎಂದಿದ್ದರು. ಆದರೆ ಯಾವ ಆಹಾರ ಎಂದು ಗೊತ್ತಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಕೊಟ್ಟು ಮಕ್ಕಳನ್ನು ಬದುಕಿಸಿದರು. ಬಾಳೆಹಣ್ಣಿನಲ್ಲೇ ಗುಣವಿದೆ ಎಂದು ಲೋಕ ನಂಬಿತು. ಆ ಪಥ್ಯದಲ್ಲಿ ಬ್ರೆಡ್ಡು ಇರಲಿಲ್ಲ ಎಂಬುದರ ಮಹತ್ವ ಯಾರಿಗೂ ಹೊಳೆಯಲಿಲ್ಲ.

1930ರ ದಶಕದ ನಡುವಿನಲ್ಲಿ ಒಬ್ಬ ತಾಯಿ ಡಿಕ್ಕೆಯವರಿಗೆ, ಬ್ರೆಡ್ಡು ಬಿಡಿಸಿದರೆ ನನ್ನ ಮಗುವಿಗೆ ಗುಣವಾಗುತ್ತದೆ ಎಂದಳಂತೆ. ಅವರು ಅದನ್ನು ತಾಯಂದಿರ ಭ್ರಮೆ ಎಂದು ತಳ್ಳಿಹಾಕದೆ, ಗೋಧಿಯಿಲ್ಲದ ಪಥ್ಯವನ್ನು ಮಕ್ಕಳ ಮೇಲೆ ಪರೀಕ್ಷಿಸತೊಡಗಿದರು. ಅಷ್ಟರಲ್ಲಿ ಯುದ್ಧ ಬಂತು. 1944–45ರ ಚಳಿಗಾಲದಲ್ಲಿ ಹಾಲೆಂಡಿನ ಪಶ್ಚಿಮ ಭಾಗದಲ್ಲಿ ಭೀಕರ ಬರಗಾಲ. ಬ್ರೆಡ್ಡಿಗೆ ಹಿಟ್ಟಿಲ್ಲದೆ ಜನ ಟುಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಸಾವಿರಾರು ಮಂದಿ ಸತ್ತರು. ಅಂಥ ಹೊತ್ತಿನಲ್ಲಿ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು. ಬರ ಮುಗಿದು ಬ್ರೆಡ್ಡು ಮತ್ತೆ ಬಂದಾಗ ಊರಿಗೆಲ್ಲ ಹಬ್ಬ, ಆ ಮಕ್ಕಳಿಗೆ ಮತ್ತೆ ಭೇದಿ. 1950ರಲ್ಲಿ ಡಿಕ್ಕೆ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ತಮ್ಮ ಪ್ರಬಂಧ ಒಪ್ಪಿಸಿದರು. ಅವರೂ ಅವರ ಸಂಗಡಿಗರೂ ಸೇರಿ, ದೋಷವಿರುವುದು ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿನಲ್ಲಿ ಎಂದು ತೋರಿಸಿಕೊಟ್ಟರು. ಕಣಕ ನಾದಿದಾಗ ಜಿಗಿ ಬರುವುದು ಇದೇ ಗ್ಲುಟೆನ್ನಿನಿಂದ.

ಕಥೆ ಕೇಳಿದ ಅವ್ವ, “ಹಂಗಾದ್ರ ಗೋದಿ ಬಿಡಸಿಬಿಡ್ತೀನ್ರಿ” ಎಂದಳು. ವೈದ್ಯರು ಈಗಲೇ ಬೇಡ ಎಂದರು. ಇದು ತಮ್ಮ ಊಹೆ ಅಷ್ಟೇ, ಪರೀಕ್ಷೆಯಾಗಬೇಕು. ಆದರೆ ಈ ರೋಗದ ಪರೀಕ್ಷೆಯಲ್ಲಿ ಒಂದು ತೊಡಕಿದೆ. ಗೋಧಿ ತಿನ್ನುತ್ತಿದ್ದರೆ ಮಾತ್ರ ರಕ್ತದಲ್ಲೂ ಕರುಳಿನಲ್ಲೂ ಅದರ ಗುರುತು ಚೆನ್ನಾಗಿ ಸಿಗುತ್ತದೆ. ಬಿಟ್ಟವರಲ್ಲಿ ಗುರುತು ಅಳಿಸುತ್ತಾ ಹೋಗಿ, ರೋಗವಿದ್ದರೂ ಇಲ್ಲವೆಂದು ಬರಬಹುದು. ಅವಳು ಎರಡು ತಿಂಗಳಿಂದ ರೊಟ್ಟಿ ಅನ್ನದ ಮೇಲಿದ್ದಳು. ಆದ್ದರಿಂದ ಆರು ವಾರ ದಿನಕ್ಕೆರಡು ಚಪಾತಿ ತಿಂದು ಬರಬೇಕು, ತೀರಾ ತ್ರಾಸಾದರೆ ನಡುವೆಯೇ ಬಂದುಬಿಡಬೇಕು ಎಂದು ಹೇಳಿ ಕಳಿಸಿದರು.

ಮಗಳಿಗೆ ನೋವು ಕೊಡಬಹುದಾದ ಅಡಿಗೆಯನ್ನು ತಿಳಿದೂ ತಿಳಿದೂ ಮಾಡುವುದು ತಾಯಿಗೆ ಸುಲಭವಲ್ಲ. ಅವ್ವ ಮೊದಲ ದಿನ ಚಪಾತಿಯನ್ನು ಎಷ್ಟು ಸಣ್ಣದಾಗಿ ಲಟ್ಟಿಸಿದ್ದಳೆಂದರೆ ಮಗಳೇ ನಕ್ಕು, “ಇದು ಪೂರಿ ಆತಲ್ಲಬೇ” ಎಂದಳು. ಎರಡನೇ ವಾರ ಕಳೆಯಿತು. ಒಂದು ರಾತ್ರಿ ಹೊಟ್ಟೆ ಉಬ್ಬಿ, ಹಳೆಯ ನೋವು ಬಂದಿತು. ಅವಳು ಗೋಡೆಗೊರಗಿ ಕುಳಿತು ಹೊಟ್ಟೆ ಹಿಡಿದುಕೊಂಡೇ, “ಬಂತವ್ವಾ, ಇಲ್ಲೂ ಬಂತು” ಎಂದಳು. ನೋವಿನಿಂದ ಅತ್ತಳೋ, ಸಂತೋಷದಿಂದ ಅತ್ತಳೋ ಅವ್ವನಿಗೆ ತಿಳಿಯಲಿಲ್ಲ. ಇಲ್ಲಿ ಹಾಸ್ಟೆಲ್ ಇರಲಿಲ್ಲ, ಫಿಸಿಕ್ಸ್ ಇರಲಿಲ್ಲ, ಪರೀಕ್ಷೆ ಇರಲಿಲ್ಲ. ಚಪಾತಿ ಮಾತ್ರ ಇತ್ತು. ಪಡಸಾಲೆಯಲ್ಲಿ ಮಲಗಿದ್ದ ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. ಆ ರಾತ್ರಿ ಅವನು ಮತ್ತೆ ಮಲಗಲಿಲ್ಲ.

ಫೆಬ್ರುವರಿ ಕೊನೆಗೆ ಮೂವರೂ ಹುಬ್ಬಳ್ಳಿಗೆ ಹೋದರು. ರಕ್ತಪರೀಕ್ಷೆಯಲ್ಲಿ ಈ ರೋಗದ ಪ್ರತಿಕಾಯಗಳ ಪ್ರಮಾಣ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನ ಮೊದಲ ಭಾಗದಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದೇ ರೋಗ, ಸೀಲಿಯಾಕ್.

ವೈದ್ಯರು ಅಪ್ಪನಿಗೆ ತಿಳಿಯುವಂತೆ ವಿವರಿಸಿದರು. ಸಣ್ಣಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗಿರುತ್ತದೆ. ಟವೆಲ್ಲಿನ ಸಣ್ಣ ಎಳೆಗಳು ನೀರು ಹೀರುವಂತೆ ಕರುಳಿನ ಎಳೆಗಳು ಅನ್ನದ ಸಾರ ಹೀರುತ್ತವೆ. ಈ ರೋಗವಿದ್ದವರಲ್ಲಿ ಗ್ಲುಟೆನ್ ಒಳಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಆ ಎಳೆಗಳನ್ನು ಸವೆಸಿಬಿಡುತ್ತದೆ. ಟವೆಲ್ಲು ಬೋಳಾಗುತ್ತದೆ. ಕಬ್ಬಿಣಾಂಶವನ್ನು ಹೆಚ್ಚಾಗಿ ಹೀರಿಕೊಳ್ಳುವುದು ಆ ಮೊದಲ ಭಾಗವೇ. ಅದು ಸವೆದಿದ್ದರೆ ಎಷ್ಟು ಮಾತ್ರೆ ನುಂಗಿಯೂ ರಕ್ತ ಏರುವುದು ಕಷ್ಟ. “ನಿಮ್ಮ ಮಗಳು ಮಾತ್ರಿ ಒಗದಿಲ್ಲ” ಎಂದರು. ಅಪ್ಪ ತಲೆ ತಗ್ಗಿಸಿದ.

ಈ ರೋಗಕ್ಕೆ ಇಂದಿಗೂ ಇರುವ ಮದ್ದು ಪಥ್ಯವೊಂದೇ. ಗೋಧಿ, ಜವೆಗೋಧಿ, ರೈ ಎಂಬ ಧಾನ್ಯಗಳನ್ನು ಜೀವನಪೂರ್ತಿ ಬಿಡಬೇಕು. ಬಿಟ್ಟರೆ ಕರುಳಿನ ಎಳೆಗಳು ನಿಧಾನವಾಗಿ ಮತ್ತೆ ಬೆಳೆಯುತ್ತವೆ. ಗೋಧಿ ಎಂದರೆ ಚಪಾತಿಯೊಂದೇ ಅಲ್ಲ. ರವೆ, ಮೈದಾ, ಗೋಧಿ ಶಾವಿಗೆ, ಬ್ರೆಡ್ಡು, ಬಿಸ್ಕತ್ತು ಎಲ್ಲವೂ ಗೋಧಿಯೇ. ಅಂಗಡಿಯ ಹಿಂಗಿನಲ್ಲೂ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ. ಗೋಧಿ ಬೀಸಿದ ಗಿರಣಿಯಲ್ಲಿ ಜೋಳ ಬೀಸಿದರೂ ಹಿಟ್ಟು ಬೆರೆಯುತ್ತದೆ. ಹೊಟ್ಟೆ ಕೆಟ್ಟವಳೆಂದು ಮೇಡಂ ಕೊಟ್ಟ ಬ್ರೆಡ್ಡು, ರವೆ ಗಂಜಿ, ಅವ್ವ ಕಳಿಸಿದ ಬಿಸ್ಕತ್ತು ಇವೆಲ್ಲ ಪ್ರೀತಿಯಿಂದ ಕೊಟ್ಟ ವಿಷವಾಗಿದ್ದವು. ಜೋಳ, ರಾಗಿ, ಅಕ್ಕಿ, ಸಜ್ಜೆ, ನವಣೆ, ಮೆಕ್ಕೆಜೋಳದಲ್ಲಿ ಈ ದೋಷವಿಲ್ಲ.

ಮೊದಲಿನ ವೈದ್ಯರನ್ನು ದೂರಿ ಪ್ರಯೋಜನವಿಲ್ಲ. ಗೋಧಿಯನ್ನೇ ಉಣ್ಣುವ ಉತ್ತರ ಭಾರತದಲ್ಲಿ ಸುಮಾರು ನೂರಕ್ಕೊಬ್ಬರಲ್ಲಿ ಈ ರೋಗ ಇದೆಯೆಂದು ಸಮೀಕ್ಷೆಗಳು ಹೇಳುತ್ತವೆ. ದಕ್ಷಿಣದಲ್ಲಿ ಅದು ಬಹಳ ಕಡಿಮೆ, ಸಾವಿರಕ್ಕೊಬ್ಬರ ಆಸುಪಾಸು. ವಿರಳವಾದದ್ದು ನೆನಪಿಗೆ ಬರುವುದು ತಡ. ಹೊಟ್ಟೆನೋವಿನ ಮಕ್ಕಳಿಗೆಲ್ಲ ಇದೇ ರೋಗವೆಂದೂ ಅಲ್ಲ. ಹುಳ, ಸೋಂಕು, ಹಾಲು ಒಗ್ಗದಿರುವುದು, ಕರುಳಿನ ಕ್ಷಯ ಹೀಗೆ ಕಾರಣಗಳು ಹಲವು. ಪರೀಕ್ಷೆಯ ಭಯದಿಂದಲೂ ಹೊಟ್ಟೆ ನೋಯುತ್ತದೆ. ಆದರೆ ಆ ನೋವೂ ನಟನೆಯಲ್ಲ, ಅದೂ ನೋವೇ. ತೂಕ ಇಳಿಯುತ್ತಿದ್ದರೆ, ಮಾತ್ರೆಗೂ ರಕ್ತಹೀನತೆ ಬಗ್ಗದಿದ್ದರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ನೋವು ನಿದ್ದೆಯಿಂದ ಎಬ್ಬಿಸಿದರೆ ಮನಸ್ಸಿನ ಮೇಲೆ ಹಾಕಿ ಸುಮ್ಮನಾಗಬಾರದು. ಯಾರದೋ ಮಾತು ಕೇಳಿ ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಲೂಬಾರದು. ಯಾವಾಗ ನೋವು, ಯಾವಾಗ ಆರಾಮ, ಏನು ತಿಂದದ್ದು ಎಂದು ಮಕ್ಕಳೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ವೈದ್ಯರಿಗೆ ಅನುಕೂಲ. ನಮ್ಮ ಲೆಕ್ಕಕ್ಕೆ ಹೊಂದದ ಸಂಗತಿಯೇ ಅದರಲ್ಲಿ ಮುಖ್ಯವಾದದ್ದಾಗಿರಬಹುದು.

ಹುಡುಗಿಗೆ ಒಂದು ವರ್ಷ ಹೋಯಿತು. 2015ರ ಮಾರ್ಚ್ ಪರೀಕ್ಷೆಗೆ ಅವಳು ಕೂರಲಿಲ್ಲ. ಜೂನ್‌ನಲ್ಲಿ ಮತ್ತೆ ಧಾರವಾಡ, ಮತ್ತೆ ಎರಡನೇ ಪಿ.ಯು.ಸಿ. ಈ ಸಲ ಊಟಕ್ಕೇನು ಮಾಡುವುದೆಂಬ ಪ್ರಶ್ನೆ ಬಂದಾಗ ಉತ್ತರ ಅಜ್ಜಿಯಿಂದ ಬಂತು. ಧಾರವಾಡದಲ್ಲಿ ಓದುವ ಮಕ್ಕಳಿಗೆ ಹಳ್ಳಿಗಳಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿದ್ದ ಕಾಲ ಅವಳಿಗೆ ನೆನಪಿತ್ತು. ಖಡಕ್ ರೊಟ್ಟಿ ಹದಿನೈದು ದಿನವಾದರೂ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯೂ ಹಾಗೆಯೇ. ಹಾಸ್ಟೆಲ್ಲಿನಲ್ಲಿ ಅನ್ನ, ಮೊಸರು ಸಿಗುತ್ತದೆ. ಹಿಂಗಿಲ್ಲದ ಸಾರು ಮಾಡಿಕೊಡಲು ವಾರ್ಡನ್ ಮೇಡಂ ಒಪ್ಪಿದರು.

ಊರ ಗಿರಣಿಯ ಹಿಟ್ಟು ನಡೆಯುವುದಿಲ್ಲವಲ್ಲ. ಅಪ್ಪ ಆ ವರ್ಷದ ಕಡಲೆ ಮಾರಿ, ಮನೆಗೇ ಸಣ್ಣದೊಂದು ಹಿಟ್ಟಿನ ಮಿಷನ್ ತಂದ. ಅದರಲ್ಲಿ ಗೋಧಿ ಹಾಕಕೂಡದೆಂದು ಸೀಮೆಸುಣ್ಣದಲ್ಲಿ ಅದರ ಮೇಲೆ ಬರೆದ. ಗದಗಿನ ಬಸ್ ನಿಲ್ದಾಣದಲ್ಲಿ ಆಡಿದ ಮಾತಿನ ಬಗ್ಗೆ ಅವನು ಎಂದೂ ಏನೂ ಹೇಳಲಿಲ್ಲ, ಮಗಳೂ ಕೇಳಲಿಲ್ಲ. ಹದಿನೈದು ದಿನಕ್ಕೊಮ್ಮೆ ನಸುಕಿನಲ್ಲಿ ಎದ್ದು, ಬಿಳಿ ವಸ್ತ್ರದಲ್ಲಿ ಕಟ್ಟಿದ ರೊಟ್ಟಿಯ ಗಂಟು ಹೊತ್ತು ಬಸ್ಸಿಗೆ ಬರುತ್ತಿದ್ದ. ಕಂಡಕ್ಟರರ ಕೈಗೆ ಕೊಟ್ಟು ಕಳಿಸಬಹುದಿತ್ತು. ಒಂದು ಸಲವೂ ಹಾಗೆ ಕಳಿಸಲಿಲ್ಲ. ಧಾರವಾಡದವರೆಗೆ ತಾನೇ ಬಂದು, ಹಾಸ್ಟೆಲ್ಲಿನ ಬಾಗಿಲಲ್ಲಿ ಗಂಟು ಇಳಿಸಿ, ಒಂದೇ ಮಾತು ಕೇಳುತ್ತಿದ್ದ.

“ಹೊಟ್ಟಿ ಹೆಂಗದವ್ವಾ?”

ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡೇ ತಿರುಗಿ ಬಸ್ಸು ಹತ್ತುತ್ತಿದ್ದ.